ಅಪ್ಪಯ್ಯ ನೋಡಿದ ‘ಶೋಲೆ’

2014ರ ಜನವರಿಯಲ್ಲಿ ‘ಶೋಲೆ’ ತ್ರೀಡಿಯಾಗಿ ಮರಳಿ ತೆರೆಗೆ ಬಂದಾಗ ನಾನು ಪಿಯುಸಿಯಲ್ಲಿದ್ದೆ. ಕೊನೆಕೊಯ್ಲಿನ ನಡುವೆಯೇ ಎರಡು ದಿನ ಪುರಸೊತ್ತು ಮಾಡಿಕೊಂಡು ಅಪ್ಪಯ್ಯ ಮತ್ತು ನಾನು ಬೆಂಗಳೂರಿಗೆ, ಅತ್ತೆಯ ಹೊಸಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು. ಸಿನೆಮಾಕ್ಕೆ ಹೋಗಲೇಬೇಕೆಂದು ಹಟ ಹಿಡಿದವಳು ನಾನು. ಅಪ್ಪಯ್ಯ ಹುಡುಗನಾಗಿದ್ದಾಗ ಸಾಗರದ ಟಾಕೀಸಿನಲ್ಲಿ ಅದನ್ನು ಮೂರು ಸಲ ನೋಡಿದವನು. ಹಿಂದಿ ಅಷ್ಟಕ್ಕಷ್ಟೇ. ಆದರೂ ಠಾಕೂರನ ಶಾಲು ಜಾರಿ ಎರಡೂ ತೋಳಿಲ್ಲವೆಂದು ಗೊತ್ತಾಗುವ ಜಾಗವನ್ನು ಕೊಟ್ಟಿಗೆ ಕೆಲಸದ ನಡುವೆ ನಮಗೆಲ್ಲ ಅಭಿನಯಿಸಿ ತೋರಿಸುತ್ತಿದ್ದ.

ಬಾಗಿಲಲ್ಲಿ ಕಪ್ಪು ಕನ್ನಡಕ ಕೊಟ್ಟರು. ಅಪ್ಪಯ್ಯ ತನ್ನ ಕನ್ನಡಕದ ಮೇಲೆಯೇ ಅದನ್ನು ಏರಿಸಿಕೊಂಡ. ರೈಲಿನ ದೃಶ್ಯದಲ್ಲಿ ಮುಂದಿನ ಸಾಲಿನ ಮಗುವೊಂದು ಗಾಳಿಯಲ್ಲಿ ಕೈಚಾಚಿ ಏನನ್ನೋ ಹಿಡಿಯಲು ನೋಡಿತು. ನಿಜ ಹೇಳಬೇಕೆಂದರೆ ನಾನೂ ಒಮ್ಮೆ ತಲೆ ತಗ್ಗಿಸಿದೆ. ಮಧ್ಯಂತರದಲ್ಲಿ “ಹ್ಯಾಂಗಿದ್ದು ಅಪ್ಪಯ್ಯ?” ಎಂದು ಕೇಳಿದ್ದಕ್ಕೆ, “ಚೊಲೊ ಇದ್ದು ಕೂಸೆ. ಒಂಚೂರು ಕಪ್ಪು ಕಾಣ್ತು, ಅಷ್ಟೇಯ” ಎಂದ.

ಊರಿಗೆ ಮರಳುವ ರಾತ್ರಿ ಬಸ್ಸು ತುಮಕೂರು ದಾಟಿದ ಮೇಲೆ, ಕಿಟಕಿಗೆ ತಲೆಯಾನಿಸಿ ಮಲಗಿದ್ದ ಅವನ ಮುಖ ನೋಡುತ್ತ ನನಗೆ ಧಸಕ್ಕೆಂದಿತು. ಅಪ್ಪಯ್ಯನಿಗೆ ಎಡಗಣ್ಣು ಕಾಣುವುದಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ ಅಡಿಕೆ ದಬ್ಬೆ ಸೀಳುವಾಗ ಸಿಬಿರು ಹಾರಿ ಕಣ್ಣಿಗೆ ಹೊಕ್ಕಿತ್ತು. ಮೊದಲ ಕೆಲವು ತಿಂಗಳು ಅವನು ಲೋಟದ ಆಚೆಗೆ ಚಾ ಬಗ್ಗಿಸುತ್ತಿದ್ದ, ಮೆಟ್ಟಿಲಿಲ್ಲದ ಕಡೆ ಕಾಲು ಎತ್ತಿಡುತ್ತಿದ್ದ. ಆಮೇಲೆ ಬೆರಳಿನಿಂದ ಲೋಟದ ಕಂಠ ಮುಟ್ಟಿಕೊಂಡು ಬಗ್ಗಿಸುವುದನ್ನು ಕಲಿತ. ನೇಣಿನಲ್ಲಿ ಜಾರಿ ಬರುವ ಅಡಿಕೆ ಕೊನೆಯನ್ನು ಕೆಳಗೆ ನಿಂತು ಹಿಡಿಯುವ ಕೆಲಸವನ್ನೂ ಮರುವರ್ಷವೇ ಶುರುಮಾಡಿದ. ತಲೆಯನ್ನು ಒಂದಿಷ್ಟು ಆಚೀಚೆ ಆಡಿಸಿ, ಕೊನೆ ದೊಡ್ಡದಾಗುತ್ತ ಬರುವುದನ್ನು ನೋಡಿ ಅಂದಾಜು ಕಟ್ಟುತ್ತಿದ್ದ. ಅದನ್ನು ಅವನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಮನೆಯವರಿಗೆಲ್ಲ ಮರೆತೇ ಹೋಗಿತ್ತು. ಎರಡು ಕಣ್ಣಿದ್ದವರಿಗೆಂದೇ ಮಾಡಿದ ಚಿತ್ರಕ್ಕೆ ಅವನನ್ನು ಕರೆದೊಯ್ದು, ದುಬಾರಿ ಟಿಕೆಟ್ಟನ್ನು ಅವನಿಂದಲೇ ಕೊಡಿಸಿ, ಮೂರು ಗಂಟೆ ಮಬ್ಬು ಚಿತ್ರದ ಮುಂದೆ ಕೂರಿಸಿದ್ದೆ. ಈ ಬಗ್ಗೆ ಅವನ ಹತ್ತಿರ ಇವತ್ತಿನವರೆಗೂ ಮಾತಾಡಿಲ್ಲ.

ಸಂಶೋಧನೆಯ ನೆಪದಲ್ಲಿ ಈ ಪರಿವರ್ತನೆಯ ಕೆಲಸದ ಬಗ್ಗೆ ಓದುವಾಗ ಮಾತ್ರ ಒಂದು ವಿಚಿತ್ರ ಹೊಳೆಯಿತು. 1975ರ ‘ಶೋಲೆ’ಯನ್ನು ದ್ವಾರಕಾ ದಿವೇಚಾ ಚಿತ್ರೀಕರಿಸಿದ್ದು ಒಂದೇ ಮಸೂರದಿಂದ, ಅಂದರೆ ಒಂಟಿಗಣ್ಣಿನಿಂದ. ಎರಡನೇ ಕಣ್ಣಿಗೆ ಏನು ಕಂಡೀತು ಎನ್ನುವುದು ಫಿಲ್ಮಿನಲ್ಲಿ ಎಲ್ಲೂ ಇಲ್ಲ, ಅದನ್ನು ಹುಟ್ಟಿಸಬೇಕು. ಕಂಪ್ಯೂಟರಿನ ಮುಂದೆ ಕೂತವರು ಚೌಕಟ್ಟು ಚೌಕಟ್ಟಿನಲ್ಲಿ ಮನುಷ್ಯ, ಕುದುರೆ, ಬಂಡೆಗಳ ಅಂಚು ಬಿಡಿಸಿ, ಹತ್ತಿರದ್ದಕ್ಕೆ ಬಿಳಿ, ದೂರದ್ದಕ್ಕೆ ಕಪ್ಪು ಬಳಿದು ಆಳದ ನಕ್ಷೆ ಮಾಡುತ್ತಾರೆ. ಅದರ ಪ್ರಕಾರ ಒಂದೊಂದನ್ನೂ ಪಕ್ಕಕ್ಕೆ ಸರಿಸಿ, ಹಿಂದೆ ಬಯಲಾದ ಖಾಲಿ ಜಾಗಕ್ಕೆ ಊಹಿಸಿ ಬಣ್ಣ ತುಂಬುತ್ತಾರೆ. ಸೆಕೆಂಡಿಗೆ 24 ಚೌಕಟ್ಟು, ಮೂರು ಗಂಟೆ ಮೀರಿದ ಸಿನೆಮಾ: ಎರಡೂವರೆ ಲಕ್ಷಕ್ಕೂ ಹೆಚ್ಚು ಚೌಕಟ್ಟುಗಳು. 2012ರಲ್ಲಿ ‘ಟೈಟಾನಿಕ್’ಗೆ ಹೀಗೆ ಮಾಡಲು 60 ವಾರ, 1.8 ಕೋಟಿ ಡಾಲರ್ ಹಿಡಿಯಿತು. ಇಷ್ಟೆಲ್ಲ ಮಾಡುವವರು ಆಳವನ್ನು ಅಂದಾಜು ಮಾಡುವುದು ಯಾವುದರಿಂದ? ಯಾವುದು ಯಾವುದನ್ನು ಮರೆಮಾಡಿದೆ, ಯಾವುದು ಚಿಕ್ಕದಾಗಿದೆ, ನೆರಳು ಎಲ್ಲಿ ಬಿದ್ದಿದೆ, ಎಲ್ಲಿ ಮಬ್ಬಾಗಿದೆ ಎನ್ನುವುದರಿಂದ. ಅಪ್ಪಯ್ಯ ತೋಟದಲ್ಲಿ ಮಾಡುವುದು ಇದನ್ನೇ. ರಾಮನಗರದ ಬಂಡೆಗಳ ನಡುವಿನ ಆಳ ಹಳೆಯ ಚಿತ್ರದಲ್ಲೇ ಇತ್ತು. ಸಾಗರದ ಟಾಕೀಸಿನಲ್ಲಿ ಅವನು ಅದನ್ನು ಪೂರ್ತಿಯಾಗಿ ನೋಡಿಯೂ ಇದ್ದ.

ಹಾಗಂತ ಹಳತನ್ನು ಮುಟ್ಟಲೇಬಾರದು ಎನ್ನುವ ಮಡಿ ನನಗಿಲ್ಲ. ನಿರ್ದೇಶಕ ರಮೇಶ್ ಸಿಪ್ಪಿ ತ್ರೀಡಿ ‘ಶೋಲೆ’ಯನ್ನು ತಡೆಯಲು ನ್ಯಾಯಾಲಯಕ್ಕೆ ಹೋಗಿದ್ದರು, ತಡೆ ಸಿಗಲಿಲ್ಲ. ಅದೇ ವರ್ಷ ನಮ್ಮಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ಹಚ್ಚಿಕೊಂಡು ಬಂತು. ರಾಜಕುಮಾರ್ ಅವರನ್ನು ಮತ್ತೆ ದೊಡ್ಡ ಪರದೆಯಲ್ಲಿ ನೋಡುವ ಆಸೆಗೆ ಜನ ಹೋದರು, ಅದು ತಪ್ಪೇನಲ್ಲ. ಆದರೆ ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲ್ಪಟ್ಟಾಗ ಆದ ಖುಷಿ ಬೇರೆ ಜಾತಿಯದು. ಅಲ್ಲಿ ಗೀರು ಕೊಳೆ ತೆಗೆದು, ಕ್ಯಾಮೆರಾ ಕಂಡದ್ದನ್ನು ಮರಳಿ ಕೊಟ್ಟಿದ್ದಾರೆ. ಕಪ್ಪು ಬಿಳುಪು ಕಪ್ಪು ಬಿಳುಪಾಗಿಯೇ ಇದೆ.

‘ಮುಂಗಾರು ಮಳೆ’ಯನ್ನು ಯಾರಾದರೂ ತ್ರೀಡಿ ಮಾಡಿದರೆ ಅದರ ಜೋಗ ಎಷ್ಟು ಚೆಂದ ಕಂಡೀತು ಎಂದು ಗೆಳತಿಯೊಬ್ಬಳು ಹೇಳುತ್ತಿದ್ದಳು. ನನಗೆ ಅನುಮಾನ. ನಮ್ಮ ಎರಡು ಕಣ್ಣುಗಳ ನಡುವೆ ಆರೂವರೆ ಸೆಂಟಿಮೀಟರ್ ಅಂತರ. ನೂರಾರು ಮೀಟರ್ ಆಚೆಗಿನದು ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಅದು ಉಬ್ಬಿ ಕಾಣಬೇಕೆಂದರೆ ಕಣ್ಣುಗಳನ್ನು ಮಾರುಗಟ್ಟಲೆ ದೂರ ಇಟ್ಟಂತೆ ಲೆಕ್ಕ ಹಾಕಬೇಕು. ಹಾಗೆ ಮಾಡಿದರೆ 253 ಮೀಟರಿನ ಜೋಗ ಮೇಜಿನ ಮೇಲಿಟ್ಟ ಗೊಂಬೆಮನೆಯಂತೆ ಪುಟ್ಟದಾಗುತ್ತದೆ.

ಹೋದ ಆಷಾಢದಲ್ಲಿ ಅಪ್ಪಯ್ಯನ ಜೊತೆ ಜೋಗಕ್ಕೆ ಹೋಗಿದ್ದೆ. ಮಂಜು ಕವಿದು ಅರ್ಧ ಗಂಟೆ ಬರೀ ಸದ್ದು. ಸರಿದಾಗ ಮೊದಲು ರಾಣಿ, ಆಮೇಲೆ ಉಳಿದವು ಕಂಡವು. “ರೋರರ್ ನೋಡು, ಅಡ್ಡ ಓಡಿ ಬಂದು ರಾಜನ್ನ ಸೇರ್ತು. ನೀರು ಕೆಳಗೆ ಮುಟ್ಟದ್ರೊಳಗೆ ಎಷ್ಟು ಹೊತ್ತು ಹಿಡೀತು ನೋಡು” ಎಂದು ಬೆರಳು ಮಾಡಿ ತೋರಿಸಿದ. ನಾನು ಎಡಗಣ್ಣು ಮುಚ್ಚಿಕೊಂಡು ನೋಡಿದೆ. ಜೋಗ ಹಾಗೇ ಇತ್ತು.

ಮಳೆ ಜೋರಾಯಿತು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಅಪ್ಪಯ್ಯ ಫ್ಲಾಸ್ಕಿನ ಮುಚ್ಚಳದ ಅಂಚಿಗೆ ಬೆರಳಿಟ್ಟು ಚಾ ಬಗ್ಗಿಸಿದ.