ಬಳ್ಳಾರಿಗೆ ಕೆಲಸಕ್ಕೆ, ಹಚ್ಚೊಳ್ಳಿಗೆ ಊಟಕ್ಕೆ

2022ರ ಮಾರ್ಚ್. ನಮ್ಮ ಟೀಮಿನ ಐದೂ ಜನ ಮೊದಲ ಸಲ ಮುಖಾಮುಖಿ ಭೇಟಿಯಾಗಿದ್ದು ಬೆಂಗಳೂರಿನ ಆಫೀಸಿನಲ್ಲಲ್ಲ, ಬಳ್ಳಾರಿ ರೈಲ್ವೆ ಸ್ಟೇಷನ್ನಿನಲ್ಲಿ. ಬೆಳಗಿನ ಜಾವ ನಾಲ್ವರು ಹಂಪಿ ಎಕ್ಸ್‌ಪ್ರೆಸ್‌ನಿಂದ ಇಳಿದರು. ನಾನು ಹಚ್ಚೊಳ್ಳಿಯಿಂದ ಹಿಂದಿನ ದಿನವೇ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಲಾಕ್‌ಡೌನಿನಲ್ಲಿ ಊರು ಸೇರಿದವಳು, ಎರಡು ವರ್ಷದಿಂದ ಅಜ್ಜಿ ಮನೆಯ ಮಾಳಿಗೆ ಮೇಲೆ ಕೂತೇ ಜಾಹೀರಾತು ಬರೆಯುತ್ತಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲಿ ಮಾತ್ರ! ಸ್ಕ್ರೀನಿನಲ್ಲಿ ದಿನಾ ನೋಡುತ್ತಿದ್ದ ಕ್ಯಾಮೆರಾಮನ್ ಇಷ್ಟು ಎತ್ತರ ಅಂತ ಅವತ್ತೇ ಗೊತ್ತಾಗಿದ್ದು.

"ಹಂಪಿಗೆ ಯಾವಾಗ ಹೋಗೋದು?" ಅನ್ನೋದು ಎಲ್ಲರ ಮೊದಲ ಪ್ರಶ್ನೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹಂಪಿ ನಮ್ಮದಲ್ಲ ಕಣ್ರೋ ಅಂದು, ಒಗ್ಗಾಣಿ-ಮಿರ್ಚಿ ತಿನ್ನಿಸಿ ಸೀದಾ ಕೌಲ್ ಬಜಾರಿಗೆ ಕರೆದುಕೊಂಡು ಹೋದೆ. ಆನ್‌ಲೈನ್ ಅಂಗಡಿಯೊಂದಕ್ಕೆ ಬಳ್ಳಾರಿ ಜೀನ್ಸ್ ಬಗ್ಗೆ ಮೂರು ಪುಟ್ಟ ವಿಡಿಯೋ ಮಾಡಬೇಕಿತ್ತು. ಬ್ರಿಟಿಷರ ದಂಡಿನ ಕಾಲದಲ್ಲಿ ಸೈನಿಕರ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳ ಕಸುಬೇ ಮುಂದೆ ಜೀನ್ಸಿಗೆ ತಿರುಗಿತು ಅಂತ ಇಲ್ಲಿನವರು ಹೇಳ್ತಾರೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಮನೆ, ವಾಷಿಂಗ್ ಮತ್ತೆಲ್ಲೋ. ಒಂದು ಪ್ಯಾಂಟು ಅಂಗಡಿ ಸೇರುವ ಹೊತ್ತಿಗೆ ಅರ್ಧ ಊರು ಸುತ್ತಿರುತ್ತೆ.

ನಾವು ಹೋದ ಮನೆಯ ಪಡಸಾಲೆಯಲ್ಲಿ ಆರು ಮಷಿನ್. ಓಡುತ್ತಿದ್ದುದು ಮೂರು. "ಬಳ್ಳಾರಿ ಮತ್ತೆ ಹೊಲಿಯುತ್ತಿದೆ" ಅಂತ ನಾನು ಬರೆದಿದ್ದ ಸಾಲನ್ನು ಅಲ್ಲಿನ ಅಕ್ಕನಿಗೆ ಓದಿ ಹೇಳಿದೆ. ಅವರು ಕೈ ನಿಲ್ಲಿಸದೇ ಅಂದರು: "ನಾವೆಲ್ಲಿ ನಿಲ್ಸಿದ್ವಿ ತಂಗಿ? ಅರಿವಿ ಬರ್ಲಿಲ್ಲ. ಮಾಸ್ಕ್ ಹೊಲದ್ವಿ. ಪೀಸಿನ ಲೆಕ್ಕ ನಮ್ದು, ಕುಂತ್ರ ಯಾರು ಕೊಡ್ತಾರ?"

ತಿಂಗಳಾ ತಿಂಗಳಾ ಸಂಬಳ ಎಣಿಸಿಕೊಂಡು ಬರೆದ ಸಾಲು ಅದು. ಅಲ್ಲೇ ಹೊಡೆದು ಹಾಕಿದೆ. ಅವರ ಮಾತನ್ನೇ ಇಟ್ಟೆವು. ಕ್ಲೈಂಟ್ ಒಪ್ಪಲು ನಾಲ್ಕು ಕಾಲ್ ಬೇಕಾಯಿತು, ಅದು ಬೇರೆ ಮಾತು.

ಎರಡನೇ ದಿನ ಶೂಟಿಂಗ್ ಬೇಗ ಮುಗಿಯಿತು. ಮ್ಯಾನೇಜರ್ರೇ ಕೇಳಿದರು, "ನಿಮ್ಮಜ್ಜಿನ ನೋಡೋಕೆ ಹೋಗೋಣ್ವಾ?" ಮೀಟಿಂಗ್ ನಡುವೆ ಕೆಳಗಿನಿಂದ "ಉಂಡೀಯೇನವ್ವಾ?" ಅಂತ ಕೂಗುವ ದನಿಯಷ್ಟೇ ಅವರಿಗೆ ಗೊತ್ತಿತ್ತು.

ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬದುಕಿದ್ದರು ಅಂದಾಗ ಎಲ್ಲರೂ ಕಾರಿಳಿದು ಸೆಲ್ಫಿ ತೆಗೆದುಕೊಂಡರು. ಆಮೇಲೆ ತುಂಗಭದ್ರಾ ಕಾಲುವೆ ನೀರಿನ ಭತ್ತದ ಗದ್ದೆಗಳು. "ಬಳ್ಳಾರಿ ಅಂದ್ರೆ ಬರೀ ಬಿಸಿಲು ಅನ್ಕೊಂಡಿದ್ದೆ" ಅಂದ ಎಡಿಟರ್.

ಹಚ್ಚೊಳ್ಳಿಯಲ್ಲಿ ಅಜ್ಜಿ ಒಬ್ಬೊಬ್ಬರನ್ನೂ ದನಿಯಿಂದಲೇ ಗುರುತಿಸಿದಳು. "ಕೆಮ್ಮತಿದ್ದಾವ ನೀನೇನಪ್ಪ? ಈಗ ಆರಾಮದೀ?" ಮ್ಯಾನೇಜರ್ ಕಡೆ ತಿರುಗಿ, "ನೀವಾ, ಒಂದೇ ನಿಮಿಷ ಅಂತ ತಾಸುಗಟ್ಲೆ ಮಾತಾಡೋರು?" ಎಲ್ಲರೂ ನಕ್ಕರು, ಅವರೂ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಡಿಸುತ್ತಾ ಅಜ್ಜಿ ಮೆಲ್ಲಗೆ ಕೇಳಿದಳು: "ಇಕಿ ಹಿಂಗ ಮಾಳ್ಗಿ ಮ್ಯಾಲ ಕುಂತು ಮಾಡಿದ್ರ ಆಗಲ್ಲೇನ್ರಿ?" ಏಪ್ರಿಲ್‌ನಿಂದ ಎಲ್ಲರೂ ಆಫೀಸಿಗೆ ಬರಬೇಕು ಅಂತ ಹಿಂದಿನ ರಾತ್ರಿಯಷ್ಟೇ ಅವರು ನಮಗೆ ಹೇಳಿದ್ದರು. ಉತ್ತರ ಕೊಡಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಏಪ್ರಿಲ್ ಮೊದಲ ಭಾನುವಾರ ರಾತ್ರಿ ನಾನೂ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಸೋಮವಾರದ ಮೀಟಿಂಗ್ ನಡುವೆಯೇ ಅಜ್ಜಿಯ ಫೋನು. ಕಟ್ ಮಾಡಲು ಹೋದೆ. "ಸ್ಪೀಕರ್ ಹಾಕಿ" ಅಂದರು ಮ್ಯಾನೇಜರ್.