ಎರಡೂ ಕಾಲಿಗೆ ನೆಲ ಸಿಗುವ ಗಾಡಿ

ನಮ್ಮ ಅಕ್ಕನ ಮಗ ಪಿಯುಸಿ ಮುಗಿಸಿದ್ದಾನೆ. ಮುಂದೆ ಡಿಗ್ರಿಗೆ ಇಳಕಲ್‌ಗೆ ಹೋಗಬೇಕು. ಅವರ ಊರು ಹುನಗುಂದ ತಾಲ್ಲೂಕಿನಲ್ಲಿ, ಡಾಂಬರು ರಸ್ತೆ ಬಿಟ್ಟು ಒಳಗೆ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿತೆಂದರೆ ಆ ದಿನದ ಕ್ಲಾಸೂ ತಪ್ಪಿತು. ಹಾಗಾಗಿ ಮನೆಯಲ್ಲಿ ಗಾಡಿಯ ಮಾತು ಶುರುವಾಯಿತು.

ಭಾವ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾರೆ. ಅಕ್ಕ ಮಗ್ಗದ ಕೂಲಿ, ತೊಗರಿ ಮಾರಿದ ದುಡ್ಡು ಸೇರಿಸಿ 45 ಸಾವಿರ ಇಟ್ಟಿದ್ದಳು. ಗಾಡಿ ಹುಡುಕುವ ಕೆಲಸ ಸೋದರಮಾವಂದಿರಾದ ನಮ್ಮಿಬ್ಬರ ಮೇಲೆ ಬಿತ್ತು.

ಹುಡುಗನ ಮನಸ್ಸಿನಲ್ಲಿದ್ದದ್ದು ಡರ್ಟ್ ಬೈಕ್. ಫೋನಿನಲ್ಲಿ ನೀವೂ ನೋಡಿರುತ್ತೀರಿ, ಮಣ್ಣಿನ ದಿಬ್ಬ ಹಾರಿ ಆಚೆ ಬೀಳುವ ಗಾಡಿಗಳು. "ಮಾಮಾ, ನಮ್ಮೂರ ದಾರಿ ಪೂರಾ ಮಣ್ಣ ಐತಿ. ಮಣ್ಣಿನ ಗಾಡೀನ ಬೇಕಲ್ಲ?" ಎಂದು ಕೇಳಿದ. ಈ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಮಳೆಗಾಲದಲ್ಲಿ ಎರಿ ಹೊಲದ ದಾರಿಗೆ ಗಾಡಿ ಇಳಿಸಿದವರಿಗೆ ಗೊತ್ತು: ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕರಿ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ, ಇಳಿದು ಕಡ್ಡಿ ಹಾಕಿ ಕೆರೆಯಬೇಕು. ಡರ್ಟ್ ಬೈಕಿನ ಮುಂದಿನ ಮಡ್‌ಗಾರ್ಡ್ ಟೈರಿನಿಂದ ಮೇಲೆ ಎತ್ತರದಲ್ಲಿ ಇರುವುದು ಈ ಕಾರಣಕ್ಕೇ.

ಆದರೆ ರೇಸಿನ ಡರ್ಟ್ ಬೈಕಿಗೆ ಹೆಡ್‌ಲೈಟ್, ಕನ್ನಡಿ, ನಂಬರ್ ಪ್ಲೇಟ್ ಇರುವುದಿಲ್ಲ. ಅದು ಟ್ರ್ಯಾಕಿನಲ್ಲಿ ಓಡಿಸಲು ಮಾಡಿದ್ದು, ರಸ್ತೆಗೆ ತರುವಂತಿಲ್ಲ. ರಸ್ತೆಗೂ ಮಣ್ಣಿಗೂ ಆಗುವಂಥದ್ದೆಂದು 2011ರಲ್ಲಿ ಹೀರೋ ಇಂಪಲ್ಸ್ ಬಂತು, 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು. ಹುಡುಗ ಕೇಳುತ್ತಿದ್ದದ್ದು ಈ ಎಕ್ಸ್‌ಪಲ್ಸನ್ನೇ.

ಹೊರಡುವಾಗ ಅಕ್ಕ ಹೇಳಿದ್ದು ಒಂದೇ ಮಾತು: "ಗಾಡಿ ಚಂದ ಐತೊ ಇಲ್ಲೊ ನನಗ ಬ್ಯಾಡ. ಬಿದ್ರ ಅವ ಅದನ್ನ ಎತ್ತತಾನೊ ಇಲ್ಲೊ, ಅಷ್ಟ ನೋಡ್ರಿ."

ನಾಲ್ಕು ಭಾನುವಾರ ನಾಲ್ಕು ಊರು ತಿರುಗಿದೆವು.

ಮೊದಲು ಬಾಗಲಕೋಟೆ. ನವನಗರದಲ್ಲಿ ಒಬ್ಬರು ಎಕ್ಸ್‌ಪಲ್ಸ್ ಮಾರಾಟಕ್ಕಿಟ್ಟಿದ್ದರು. ನಮ್ಮ ಹತ್ತಿರ ಇದ್ದ ದುಡ್ಡಿಗಿಂತ ಬೆಲೆ ಬಹಳ ಮೇಲಿತ್ತು. ಆದರೂ ಹುಡುಗ ಒಮ್ಮೆ ಕೂತು ನೋಡಲಿ ಎಂದು ಕರೆದುಕೊಂಡು ಹೋಗಿದ್ದೆವು. ಆ ಗಾಡಿಯ ಸೀಟು ನೆಲದಿಂದ 823 ಮಿಲಿಮೀಟರ್ ಎತ್ತರ, ತೂಕ 150 ಕೆಜಿ ದಾಟುತ್ತದೆ. ನಮ್ಮ ಹುಡುಗ ಐದಡಿ ಮೂರಿಂಚು. ಕೂತರೆ ಎರಡೂ ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿದವು. ಒಂದು ಪಾದ ಪೂರ್ತಿ ಊರಬೇಕಾದರೆ ಗಾಡಿಯನ್ನು ಆ ಕಡೆ ವಾಲಿಸಬೇಕು. ಸಿಮೆಂಟಿನ ಅಂಗಳದಲ್ಲೇ ಹೀಗಾದರೆ ಎರಿ ಮಣ್ಣಿನ ಜಾರಿಕೆಯಲ್ಲಿ ಏನು ಗತಿ? ಕಲಿಯುವವರು ಬೀಳುವುದು ಹೆಚ್ಚಾಗಿ ವೇಗದಲ್ಲಿ ಅಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಕಾಲು ನೆಲ ಹುಡುಕುವಾಗ. ನಾವು ಏನೂ ಹೇಳಲಿಲ್ಲ. ಹುಡುಗನೇ ಇಳಿದು ಸುಮ್ಮನೆ ನಿಂತ.

ಎರಡನೆಯ ವಾರ ಬಾದಾಮಿ. ಅಲ್ಲಿ ಒಂದು ಗಾಡಿ ಅಗ್ಗಕ್ಕಿದೆ ಎಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಗೋವಾ ನಂಬರು. ನಮ್ಮ ಕಡೆಯಿಂದ ದುಡಿಯಲು ಹೋದವರು ಅಲ್ಲೇ ಗಾಡಿ ಕೊಂಡು ಊರಿಗೆ ತರುವುದು ಹೊಸದೇನಲ್ಲ. ಗಾಡಿ ಚೆನ್ನಾಗಿತ್ತು. ಆದರೆ ಆರ್‌ಸಿಯಲ್ಲಿದ್ದ ಹೆಸರು ಮಾರುವವರದ್ದಲ್ಲ, ಅವರಿಗೆ ಕೊಟ್ಟವರದ್ದೂ ಅಲ್ಲ. "ಕಾಗದ ಆಮ್ಯಾಗ ಮಾಡಿಸ್ಕೋರಿ, ಮೊದ್ಲ ಗಾಡಿ ಒಯ್ರಿ" ಎಂದರು. ಕೈಮುಗಿದು ಬಂದೆವು.

ಇಲ್ಲಿ ಎರಡು ವಿಷಯ ನೆನಪಿಡಿ. ಬೇರೆ ರಾಜ್ಯದ ಗಾಡಿಯಾದರೆ ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು. ಇನ್ನೊಂದು, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಗಾಡಿ ಎಷ್ಟೇ ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದ್ದೇ. ಆದ್ದರಿಂದ ಗಾಡಿ ಮಾರುವವರೂ ಎಚ್ಚರವಾಗಿರಬೇಕು. ಹಣ ಎಣಿಸಿಕೊಂಡ ದಿನವೇ ಫಾರಂ 29 ಮತ್ತು 30ಕ್ಕೆ ಸಹಿ ಆಗಲಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಮೂರನೆಯದು ಹುನಗುಂದ, ಪರಿಚಯದವರ ಎಚ್‌ಎಫ್ ಡಿಲಕ್ಸ್. ಕಾಗದ ಸರಿ ಇತ್ತು, ಸೀಟಿನ ಎತ್ತರವೂ ಅಡ್ಡಿಯಿರಲಿಲ್ಲ. ಆದರೆ ನಾವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಟ್ಟುಕೊಳ್ಳುತ್ತದೆ. ಚಹಾ ಕುಡಿದು, ಮಾತಾಡಿ, ಗಾಡಿ ತಣ್ಣಗಾಗುವವರೆಗೆ ಕೂತೆವು. ಆಮೇಲೆ ಕಿಕ್ ಹೊಡೆದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಎಂಜಿನ್ ಆಯಿಲ್ ಸುಡುತ್ತಿದೆ ಎಂದು ಅದರ ಅರ್ಥ. ಎಂಜಿನ್ ಬಿಚ್ಚಿಸುವ ಖರ್ಚು ಮುಂದೆ ಕಾದಿರುತ್ತದೆ.

ಆ ಗಾಡಿ ವರ್ಷಗಟ್ಟಲೆ ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊತ್ತಿತ್ತು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಅಲುಗಾಡಿಸಿದರೆ ಲಟಲಟ ಎಂದಿತು, ಬೇರಿಂಗ್ ಹೋಗಿತ್ತು. ಮುಂದಿನ ಶಾಕಪ್ಪಿನ ಪೈಪಿನ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿಸುತ್ತಿತ್ತು, ಆದರೆ ಕಾಲಿಡುವ ರಬ್ಬರು, ಗೇರಿನ ಪೆಡಲು ಸವೆದು ನುಣ್ಣಗಾಗಿದ್ದವು. ಮೀಟರಿನ ಕೇಬಲ್ ಕಿತ್ತಿಡಬಹುದು, ಸವೆದ ಪೆಡಲನ್ನು ಮುಚ್ಚಿಡುವುದು ಕಷ್ಟ. ಎರಡನ್ನೂ ಹೊಂದಿಸಿ ನೋಡಿ.

ನಾಲ್ಕನೆಯ ವಾರ ಇಳಕಲ್‌ನಲ್ಲಿ ಗಾಡಿ ಸಿಕ್ಕಿತು. ಒಬ್ಬರೇ ಓಡಿಸಿದ ಸ್ಪ್ಲೆಂಡರ್ ಪ್ಲಸ್, ಕೆಎ 29, ನಮ್ಮ ಜಿಲ್ಲೆಯದೇ ನಂಬರು. ಸೀಟು 785 ಮಿಲಿಮೀಟರ್, ತೂಕ 112 ಕೆಜಿ ಆಸುಪಾಸು. ಹುಡುಗ ಕೂತ, ಎರಡೂ ಪಾದ ನೆಲಕ್ಕೆ ಊರಿದವು. ಸಾಲದ ಮೇಲೆ ಕೊಂಡ ಗಾಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಹಾಗೇ ಇತ್ತು. ಫೈನಾನ್ಸಿನವರ ಎನ್‌ಒಸಿ, ಫಾರಂ 35 ತಂದುಕೊಟ್ಟ ಮೇಲೆಯೇ ದುಡ್ಡು ಕೊಟ್ಟೆವು. 38 ಸಾವಿರಕ್ಕೆ ಮಾತು ಮುಗಿಯಿತು. ಉಳಿದ ಏಳು ಸಾವಿರದಲ್ಲಿ ಐಎಸ್‌ಐ ಗುರುತಿನ ಹೆಲ್ಮೆಟ್, ಹಿಂದಿನ ಟೈರು, ಚೈನ್ ಸೆಟ್, ಆರ್‌ಟಿಒ ಖರ್ಚು. ಕೈಯಲ್ಲಿರುವ ಅಷ್ಟೂ ದುಡ್ಡನ್ನು ಗಾಡಿಗೇ ಸುರಿಯಬೇಡಿ ಎನ್ನುವುದು ಇದಕ್ಕೇ. ಗಾಡಿ, ವಿಮೆ ಎರಡೂ ಅಕ್ಕನ ಹೆಸರಿಗಾದವು.

ನಿಜವಾದ ಜಗಳ ಶುರುವಾದದ್ದು ಆಮೇಲೆ. ಹುಡುಗನಿಗೆ ಹದಿನೆಂಟು ತುಂಬುವುದು ಶ್ರಾವಣದಲ್ಲಿ. ಅಲ್ಲಿಯವರೆಗೆ ಕೀಲಿ ಅಕ್ಕನ ಹತ್ತಿರವೇ ಇರಲಿ ಎಂದೆವು. "ಊರಾಗ ಹದಿನಾಲ್ಕು ವರ್ಷದ ಹುಡುಗ್ರೂ ಹೊಡಿತಾರ. ನನ್ನ ಯಾರು ಹಿಡೀತಾರ ಮಾಮಾ?" ಎಂದು ಸಿಟ್ಟಾದ. ಎರಡು ದಿನ ಊಟಕ್ಕೆ ಸರಿಯಾಗಿ ಕೂರಲಿಲ್ಲ.

ಅವನನ್ನು ಕೂರಿಸಿಕೊಂಡು ಕಾಯ್ದೆ ಓದಿ ಹೇಳಿದೆವು. ಗೇರಿನ ಗಾಡಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅದಕ್ಕೂ ಮುಂಚೆ ಗಾಡಿ ಓಡಿಸಿ ಅಪರಾಧವಾದರೆ ಹೊಣೆ ತಂದೆತಾಯಿ ಅಥವಾ ಮಾಲೀಕರದ್ದು: 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿ ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದು. ಮಾಲೀಕಳು ಎಂದರೆ ಯಾರು ಎಂದು ಕೇಳಿದೆವು. ಹುಡುಗ ಮಗ್ಗದ ಕಡೆ ನೋಡಿದ. ಪೊಲೀಸರು ಹಿಡಿಯದೇ ಇರಬಹುದು. ಆದರೆ ಹುನಗುಂದ–ಇಳಕಲ್ ಹೆದ್ದಾರಿಯಲ್ಲಿ ಗ್ರಾನೈಟ್ ಕಲ್ಲು ಹೊತ್ತು ಬರುವ ಲಾರಿ ಯಾರ ವಯಸ್ಸನ್ನೂ ಕೇಳುವುದಿಲ್ಲ.

ಆಮೇಲೆ ಒಂದು ದಾರಿ ಹುಡುಕಿದೆವು. ಕಾಯ್ದೆಯ ವಯಸ್ಸಿನ ನಿಯಮ ಸಾರ್ವಜನಿಕ ಸ್ಥಳಕ್ಕೆ. ಊರ ಪಕ್ಕದಲ್ಲಿ ಅಕ್ಕನ ಒಂದು ಮಸಾರಿ ಹೊಲವಿದೆ, ಈಗ ಪೈರಿಲ್ಲ. ಎರಿ ಹೊಲವಾಗಿದ್ದರೆ ಬೇಸಿಗೆಯ ಬಿರುಕಿಗೆ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ಮನೆಯಿಂದ ಹೊಲದವರೆಗೆ ಇರುವುದು ಸರ್ಕಾರಿ ದಾರಿ, ಆದ್ದರಿಂದ ಅಷ್ಟು ದೂರ ಗಾಡಿ ತಳ್ಳಿಕೊಂಡೇ ಹೋಗಬೇಕು ಎಂದು ಷರತ್ತು ಹಾಕಿದೆವು. ಹೆಲ್ಮೆಟ್, ಶೂ, ಉದ್ದ ಪ್ಯಾಂಟು ಕಡ್ಡಾಯ. ಜೊತೆಗೆ ನಮ್ಮಿಬ್ಬರಲ್ಲಿ ಒಬ್ಬರು ಇರಲೇಬೇಕು. ಮೊದಲನೇ ಗೇರು, ಬಹಳವೆಂದರೆ ಎರಡನೆಯದು.

112 ಕೆಜಿ ತಳ್ಳಿದ ಮೊದಲ ದಿನವೇ ಅವನಿಗೆ ಗಾಡಿಯ ತೂಕ ತಿಳಿಯಿತು. ಮೂರನೆಯ ದಿನ ಬದುವಿನ ಹತ್ತಿರ ತಿರುಗಿಸುವಾಗ ಬಿದ್ದ. ನಾವು ಓಡಲಿಲ್ಲ, ನಿಂತು ನೋಡಿದೆವು. ಎಂಜಿನ್ ಆಫ್ ಮಾಡಿದ, ಹ್ಯಾಂಡಲ್ ತಿರುಗಿಸಿ ಹಿಡಿದು, ಮೊಣಕಾಲು ಮಡಚಿ, ಒಬ್ಬನೇ ಎತ್ತಿ ನಿಲ್ಲಿಸಿದ. ಬದುವಿನ ಮೇಲೆ ಕೂತಿದ್ದ ಅಕ್ಕ ಅವತ್ತು ಏನೂ ಅನ್ನಲಿಲ್ಲ, ಮನೆಗೆ ಹೋಗಿ ಅವನಿಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿದಳು.

ಹದಿನೆಂಟು ತುಂಬಿದ ಮೇಲೆ ಎಲ್‌ಎಲ್‌ಗೆ ಅರ್ಜಿ ಹಾಕುತ್ತಾನೆ. ಅದು ಸಿಕ್ಕು 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಬಹುದು. ಡಿಗ್ರಿಯ ಮೊದಲ ತಿಂಗಳುಗಳು ಬಸ್ಸಿನಲ್ಲೇ. ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದರೆ, ಹುಡುಗಿಯಿದ್ದರೂ ಅಷ್ಟೇ, ಬಣ್ಣ, ಸಿಸಿ ನೋಡುವ ಮುಂಚೆ ಅವರನ್ನು ಗಾಡಿಯ ಮೇಲೆ ಕೂರಿಸಿ ಕಾಲು ನೋಡಿ. ಆಮೇಲೆ ಆರ್‌ಸಿಯಲ್ಲಿರುವ ಹೆಸರು ನೋಡಿ. ಎರಡೂ ಸರಿಯಿದ್ದರೆ ಮಾತ್ರ ಬೆಲೆ ಮಾತಾಡಿ.