ಹಾರರ್ ಗೇಮ್, ಕತ್ತಲೆ ಮತ್ತು ನಮ್ಮ ಒಬ್ಬ ಅಜ್ಜಿ



ಮೊಂತಿ ಹಬ್ಬದ ನೊವೇನಾ ನಡೆಯುತ್ತಿದ್ದ ದಿನಗಳು. ಸಂಜೆ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿ ಮನೆಗೆ ಹೋದ ಮೇಲೆ, ಹಬ್ಬದ ಕೆಲಸ ಹಂಚಿಕೊಳ್ಳಲು ನಾವು ಹನ್ನೊಂದು ಜನ ಚರ್ಚ್ ಹಾಲ್‌ನಲ್ಲಿ ಕೂತಿದ್ದೆವು. ನಮ್ಮ ಕಾಸರಗೋಡಿನ ಮಳೆ ನಿಮಗೆ ಗೊತ್ತೇ ಇದೆ. ಕಬ್ಬು ತರುವುದು ಯಾರು ಎಂಬಲ್ಲಿಗೆ ಮಾತು ಬಂದಾಗ ಕರೆಂಟ್ ಹೋಯಿತು. ಮಳೆ ಬಿಡುವವರೆಗೆ ಮನೆಗೂ ಹೋಗುವಂತಿಲ್ಲ. ನಮ್ಮಲ್ಲೊಬ್ಬ ಮೊಬೈಲ್ ತೆಗೆದು 'ಗ್ರ್ಯಾನಿ' ಗೇಮ್ ಹಾಕಿದ.

2017ರಲ್ಲಿ ಬಂದ ಈ ಗೇಮ್ ಗೊತ್ತಿಲ್ಲದ ಮಕ್ಕಳು ಕಡಿಮೆ. ಒಂದು ಹಳೆಯ ಮನೆ. ಅಲ್ಲಿ ನೀವು ಬಂದಿ. ಮನೆಯಲ್ಲಿ ಒಬ್ಬಳು ಮುದುಕಿ. ಸಣ್ಣ ಸದ್ದಾದರೂ ಅವಳಿಗೆ ಕೇಳಿಸುತ್ತದೆ. ಕೈಯಿಂದ ಏನಾದರೂ ಬಿದ್ದರೆ, ಹಲಗೆ ಕಿರ್ ಎಂದರೆ ಬಂದೇ ಬರುತ್ತಾಳೆ. ತಪ್ಪಿಸಿಕೊಳ್ಳಲು ನಿಮಗಿರುವುದು ಐದು ದಿನ.

ಹನ್ನೊಂದು ತಲೆ, ಒಂದು ಮೊಬೈಲ್. "ಮಂಚದ ಅಡಿಗೆ ಹೋಗು, ಮಂಚದ ಅಡಿಗೆ!" ಎಂದು ಒಬ್ಬಳು ಕೂಗಿದರೆ ಇನ್ನೊಬ್ಬ ಮುದುಕಿಯ ನಡಿಗೆಯನ್ನೇ ಅಣಕಿಸಿದ. ನಕ್ಕು ನಕ್ಕು ಹೊಟ್ಟೆ ನೋವಾಯಿತು. ಯಾರಿಗೂ ಹೆದರಿಕೆ ಆಗಲಿಲ್ಲ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ನಗದೆ ಹೇಳಿದ, "ಅಣ್ಣ, ರಾತ್ರಿ ಒಬ್ಬರೇ ಆಡಿ ನೋಡಿ. ಆಮೇಲೆ ಹೇಳಿ."

ಸವಾಲು ಒಪ್ಪಿಕೊಂಡೆವು. ಒಬ್ಬೊಬ್ಬರೂ ಒಂದು ಹಾರರ್ ಗೇಮ್ ಆರಿಸಿ, ಲೈಟ್ ಆರಿಸಿ, ಹೆಡ್‌ಫೋನ್ ಹಾಕಿ, ಒಬ್ಬರೇ ಆಡುವುದು. ಭಾನುವಾರ ಬಲಿಪೂಜೆಯ ನಂತರ ವರದಿ ಕೊಡುವುದು.

ಭಾನುವಾರ ಯಾರೂ ಹೆಚ್ಚು ನಗಲಿಲ್ಲ. ನಮ್ಮಲ್ಲೊಬ್ಬಳು ಮಧ್ಯರಾತ್ರಿ ಬಾತ್‌ರೂಮಿಗೆ ಹೋಗಲು ತಂಗಿಯನ್ನು ಎಬ್ಬಿಸಿದ್ದಳಂತೆ. ಹಾಲ್‌ನಲ್ಲಿ ನಗು ಬರಿಸಿದ ಗೇಮ್ ಕೋಣೆಯಲ್ಲಿ ಬೆವರು ಇಳಿಸಿದ್ದು ಯಾಕೆ? ಮಾತಾಡುತ್ತಾ ಹೋದಂತೆ ಒಂದೊಂದೇ ಗುಟ್ಟು ಸಿಕ್ಕಿತು.

ಮೊದಲನೆಯದು, ಕಾಣದಿರುವುದು. 1999ರ 'ಸೈಲೆಂಟ್ ಹಿಲ್' ಗೇಮಿನಲ್ಲಿ ಇಡೀ ಊರಿಗೆ ಮಂಜು ಕವಿದಿರುತ್ತದೆ. ಅಂದಿನ ಪ್ಲೇಸ್ಟೇಷನ್‌ಗೆ ದೂರದ ದೃಶ್ಯವನ್ನು ಒಟ್ಟಿಗೆ ತೋರಿಸುವ ಶಕ್ತಿ ಇರಲಿಲ್ಲ. ಅದನ್ನು ಮುಚ್ಚಲು ಮಂಜು ಸಹಾಯಕ್ಕೆ ಬಂತು, ಕೊನೆಗೆ ಆ ಮಂಜೇ ಗೇಮಿನ ಜೀವವಾಯಿತು. ಭೂತ ಹತ್ತಿರ ಬಂದರೆ ಜೇಬಿನ ರೇಡಿಯೋ ಗೊರಗೊರ ಎನ್ನುತ್ತದೆ. ಏನೋ ಇದೆ ಎಂದು ಗೊತ್ತು, ಏನು ಎಂದು ಗೊತ್ತಿಲ್ಲ. ಕಾಣದ ಜಾಗವನ್ನು ನಮ್ಮ ಮನಸ್ಸೇ ತುಂಬಿಸಿಕೊಳ್ಳುತ್ತದೆ.

ಎರಡನೆಯದು, ಕೈಯಲ್ಲಿ ಏನೂ ಇಲ್ಲದಿರುವುದು. 2010ರ ಸ್ವೀಡನ್ ದೇಶದ ಗೇಮ್ 'ಅಮ್ನೀಸಿಯಾ'ದಲ್ಲಿ ನಿಮಗೆ ಆಯುಧವೇ ಕೊಡುವುದಿಲ್ಲ. ಇರುವುದು ಒಂದು ಲಾಟೀನು, ಅದರ ಎಣ್ಣೆಯೂ ಮುಗಿಯುತ್ತದೆ. ಕತ್ತಲಲ್ಲಿ ಹೆಚ್ಚು ಹೊತ್ತು ನಿಂತರೆ ನಾಯಕನ ಬುದ್ಧಿಯೇ ಕದಡುತ್ತದೆ. ಬೆಳಕು ಹಚ್ಚಿದರೆ ಎಣ್ಣೆ ಖರ್ಚು, ಹಚ್ಚದಿದ್ದರೆ ಬುದ್ಧಿ ಖರ್ಚು.

ಮೂರನೆಯದು, ಕಾಯುವುದು. 2014ರ 'ಏಲಿಯನ್: ಐಸೋಲೇಷನ್' ಗೇಮಿನ ಮೃಗಕ್ಕೆ ಎರಡು ಮೆದುಳು ಎನ್ನಬಹುದು. ಒಂದಕ್ಕೆ ನೀವು ಎಲ್ಲಿದ್ದೀರಿ ಎಂದು ಯಾವಾಗಲೂ ಗೊತ್ತು, ಆದರೆ ಅದು "ಆ ಕಡೆ ಹುಡುಕು" ಎಂಬಷ್ಟೇ ಸುಳಿವು ಕೊಡುತ್ತದೆ. ಇನ್ನೊಂದು ಕಣ್ಣು ಕಿವಿ ಬಳಸಿ ನಿಜವಾಗಿಯೇ ಹುಡುಕಬೇಕು. ಆದ್ದರಿಂದ ಅದು ಬರುವ ಹೊತ್ತನ್ನು ಬಾಯಿಪಾಠ ಮಾಡಿಕೊಳ್ಳಲು ಆಗುವುದಿಲ್ಲ. ಕಪಾಟಿನೊಳಗೆ ಉಸಿರು ಬಿಗಿಹಿಡಿದು ಕಾಯಬೇಕು. ಹಿಡಿದಾಗ ಆಗುವ ಹೆದರಿಕೆ ಒಂದು ಕ್ಷಣದ್ದು, ಕಾಯುವಾಗಿನ ಹೆದರಿಕೆಗೆ ಕೊನೆಯೇ ಇಲ್ಲ. ರಿಸಲ್ಟ್ ವೆಬ್‌ಸೈಟ್ ತೆರೆಯಲು ಕಾದವರಿಗೆ, ಲ್ಯಾಬಿನ ರಿಪೋರ್ಟಿಗೆ ಕಾದವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಈ ಮೂರರ ಅಡಿಯಲ್ಲಿ ನಾಲ್ಕನೆಯದೊಂದು ಇತ್ತು. ಒಬ್ಬರೇ ಇರುವುದು. 2020ರ 'ಫ್ಯಾಸ್ಮೋಫೋಬಿಯಾ' ಗೇಮನ್ನು ನಾಲ್ಕು ಜನ ಸೇರಿ ಆಡಬಹುದು. ಮೈಕ್‌ನಲ್ಲಿ ಮಾತಾಡಿದರೆ ಅಲ್ಲಿನ ದೆವ್ವ ಉತ್ತರಿಸುತ್ತದೆ. ಆದರೆ ಕೆಲವು ದೆವ್ವಗಳು ಕೋಣೆಯಲ್ಲಿ ಒಬ್ಬರೇ ಇದ್ದಾಗ ಮಾತ್ರ ಉತ್ತರಿಸುತ್ತವೆ. ಗೇಮ್ ಮಾಡಿದವರಿಗೂ ಈ ವಿಷಯ ಗೊತ್ತು ನೋಡಿ.

ಇಷ್ಟು ಹೇಳಿ ಮುಗಿಸಿದಾಗ ನಮಗೆ ನಮ್ಮ ಬಗ್ಗೆಯೇ ಹೆಮ್ಮೆ. ಆ ಹುಡುಗನನ್ನು, "ನೀನು ಯಾವುದು ಆಡಿದೆ?" ಎಂದು ಕೇಳಿದೆವು. ಅವನು, "ನಾನು ಗ್ರ್ಯಾನಿ ಡಿಲೀಟ್ ಮಾಡಿ ತುಂಬಾ ದಿನ ಆಯ್ತು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಗೇಮಲ್ಲಾದರೆ ಐದೇ ದಿನ ಅಲ್ವಾ ಅಣ್ಣ" ಎಂದ.

ಆಮೇಲೆ ಎಲ್ಲ ಹೇಳಿದ. ಅಪ್ಪ ಗಲ್ಫ್‌ನಲ್ಲಿ. ಅಮ್ಮ ನರ್ಸ್, ವಾರದಲ್ಲಿ ಮೂರು ನಾಲ್ಕು ನೈಟ್ ಡ್ಯೂಟಿ. ಆ ರಾತ್ರಿಗಳಲ್ಲಿ ಮನೆಯಲ್ಲಿ ಅವನು ಮತ್ತು ಅಜ್ಜಿ ಇಬ್ಬರೇ. ಅಜ್ಜಿಗೆ ಮರೆವಿನ ಕಾಯಿಲೆ. ಹಗಲು ಪರವಾಗಿಲ್ಲ. ರಾತ್ರಿ ಎದ್ದು ಕೋಲು ಊರಿಕೊಂಡು ಮನೆಯೆಲ್ಲ ನಡೆಯುತ್ತಾರೆ. ಟಕ್, ಟಕ್. ಒಂದು ರಾತ್ರಿ ಇವನ ಮಂಚದ ಪಕ್ಕ ಬಂದು ನಿಂತು "ಕೋಣ್ ರೇ ತುಂ?" ಎಂದು ಕೇಳಿ, ಕಳ್ಳ ಎಂದು ಕೋಲು ಎತ್ತಿದ್ದರಂತೆ. ಅಂದಿನಿಂದ ಇವನು ಚಿಲಕ ಹಾಕಿ ಮಲಗುತ್ತಿದ್ದ. ನಿದ್ದೆ ಬರುತ್ತಿರಲಿಲ್ಲ. ಡ್ಯೂಟಿಗೆ ಹೋಗುವ ಅಮ್ಮನಿಗೆ ಯಾಕೆ ಚಿಂತೆ ಎಂದು ಹೇಳಿಯೂ ಇರಲಿಲ್ಲ.

ಹಾಲ್‌ನಲ್ಲಿ ಮುದುಕಿಯ ನಡಿಗೆಯನ್ನು ಅಣಕಿಸಿ ನಕ್ಕದ್ದು ನೆನಪಾಗಿ ನಮಗೆ ಮುಖ ಎತ್ತಲಾಗಲಿಲ್ಲ. ವಾರವಾರ ನಮ್ಮ ಜೊತೆ ಕೂರುವ ಹುಡುಗ. ಅವನ ಮನೆಗೆ ನಾವು ಹೋಗಿದ್ದು ಕ್ರಿಸ್ಮಸ್ ಕ್ಯಾರೋಲ್‌ಗೆ ಮಾತ್ರ.

ಅವನು ಒಪ್ಪಿದ ಮೇಲೆ ಅವನ ಅಮ್ಮನ ಬಳಿ ಮಾತಾಡಿದೆವು. ನೈಟ್ ಡ್ಯೂಟಿ ಇರುವ ದಿನ ನಮ್ಮಲ್ಲಿ ಇಬ್ಬರು ಅಲ್ಲಿಗೆ ಹೋಗಿ ಮಲಗುವುದೆಂದು ಪಟ್ಟಿ ಮಾಡಿದೆವು. ಆ ಅಕ್ಕ ನಮಗೆ ಮೂರು ಮಾತು ಕಲಿಸಿದರು. ಅಜ್ಜಿಯ ಹತ್ತಿರ ಹಿಂದಿನಿಂದ ಹೋಗಬೇಡಿ. ಮೊದಲು ಲೈಟ್ ಹಾಕಿ. ಮುಟ್ಟುವ ಮುಂಚೆ ನಿಮ್ಮ ಹೆಸರು ಹೇಳಿ.

ಮೊದಲ ರಾತ್ರಿ ಎರಡು ಗಂಟೆಗೆ ಕೋಲಿನ ಸದ್ದು ಕೇಳಿದಾಗ ನಿಜ ಹೇಳುತ್ತೇವೆ, ನಾವು ಇಬ್ಬರೂ ಹೊದಿಕೆಯೊಳಗೆ ಸೇರಿಕೊಂಡೆವು. ಆ ಹುಡುಗನೇ ಎದ್ದು ಲೈಟ್ ಹಾಕಿದ. ಬೆಳಕಿನಲ್ಲಿ ಅಜ್ಜಿಯ ಮುಖ ನೋಡಿದೆವು. ಕಣ್ಣು ಅಗಲವಾಗಿತ್ತು, ಕೋಲು ಹಿಡಿದ ಕೈ ನಡುಗುತ್ತಿತ್ತು. ನಮಗಿಂತ ಹತ್ತು ಪಟ್ಟು ಹೆದರಿದ್ದರು ಅವರು.

ಆಗ ನಮಗೆ ಅರ್ಥವಾಯಿತು. ಆ ಮನೆಯಲ್ಲಿ ಗೇಮ್ ಆಡುತ್ತಿದ್ದದ್ದು ಹುಡುಗ ಅಲ್ಲ, ಅಜ್ಜಿ. ಅವರಿಗೆ ಅದು ಗುರುತು ಸಿಗದ ಮನೆ, ಗುರುತು ಸಿಗದ ಜನ, ಕತ್ತಲೆ. ಚಿಲಕ ಹಾಕಿದ ಬಾಗಿಲ ಹಿಂದೆ ಯಾರೋ ಉಸಿರಾಡುವ ಸದ್ದು. ಹೊರಗೆ ಹೋಗುವ ದಾರಿ ನೆನಪಿಲ್ಲ. ನಿಲ್ಲಿಸುವ ಬಟನ್ ಇಲ್ಲ.

"ಅಜ್ಜಿ, ನಾವು ಚರ್ಚಿನ ಮಕ್ಕಳು" ಎಂದು ಹೆಸರು ಹೇಳಿದೆವು. ಪಕ್ಕದಲ್ಲಿ ಕೂತು ಕೊಂಕಣಿಯಲ್ಲಿ ಜಪಸರ ಶುರು ಮಾಡಿದೆವು. ಮೊಮ್ಮಗನ ಹೆಸರು ಮರೆತವರು ಪ್ರಾರ್ಥನೆಯ ಒಂದು ಪದವನ್ನೂ ಮರೆತಿರಲಿಲ್ಲ. ಮೂರನೇ ರಹಸ್ಯ ಮುಗಿಯುವ ಮುಂಚೆ ನಿದ್ದೆ ಹೋದರು.

ಸಂತ ಮತ್ತಾಯನ ಶುಭಸಂದೇಶದ ಹದಿನಾಲ್ಕನೇ ಅಧ್ಯಾಯ ನಮಗೆ ಈಗ ಬೇರೆ ರೀತಿ ಓದಿಸಿಕೊಳ್ಳುತ್ತದೆ. ರಾತ್ರಿಯ ಕೊನೆಯ ಜಾವ, ಎದುರುಗಾಳಿ, ದೋಣಿಯಲ್ಲಿ ಶಿಷ್ಯರು. ನೀರಿನ ಮೇಲೆ ನಡೆದು ಬಂದ ಯೇಸುವನ್ನು ಅವರು ಭೂತ ಎಂದುಕೊಂಡು ಕೂಗಿದರು. ಗಾಳಿ ನಿಂತದ್ದು ಆಮೇಲೆ. ಅದಕ್ಕೂ ಮೊದಲು ಯೇಸು ಮಾತಾಡಿದರು, ಬಂದಿರುವುದು ತಾನೇ ಎಂದು ತಿಳಿಸಿದರು. ಗೆತ್ಸೆಮನೆಯಲ್ಲಿ ಅವರಿಗೇ ಸಂಕಟವಾದಾಗ ಮೂವರು ಗೆಳೆಯರಲ್ಲಿ ಕೇಳಿಕೊಂಡದ್ದು ಜೊತೆಗೆ ಎಚ್ಚರವಾಗಿರಿ ಎಂದಷ್ಟೇ. ಆ ಮೂವರು ನಿದ್ದೆ ಹೋದರು. ನಾವೂ ತುಂಬಾ ಕಾಲ ಆ ಮೂವರ ಸಾಲಿನಲ್ಲೇ ಇದ್ದೆವು.

ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಪರೀಕ್ಷೆ, ಮಳೆ ಎಂದು ಎರಡು ರಾತ್ರಿ ನಾವು ಹೋಗಲೇ ಇಲ್ಲ. ಅಜ್ಜಿಯ ಮರೆವು ಹೆಚ್ಚುತ್ತಲೇ ಇದೆ. ಹುಡುಗನಿಗೆ ಈಗಲೂ ಹೆದರಿಕೆ ಇದೆ, ಆದರೆ ಚಿಲಕ ಹಾಕುವುದನ್ನು ಬಿಟ್ಟಿದ್ದಾನೆ. ಕೋಲಿನ ಸದ್ದು ಕೇಳಿದ ಕೂಡಲೇ ಮಲಗಿದಲ್ಲಿಂದಲೇ ತನ್ನ ಹೆಸರು ಕೂಗಿ ಹೇಳುತ್ತಾನೆ. ಇದನ್ನು ಬರೆಯಲು ಅವನೂ ಅವನ ಅಮ್ಮನೂ ಅನುಮತಿ ಕೊಟ್ಟಿದ್ದಾರೆ.

ತಂದೆತಾಯಂದಿರೇ, ಚಿಕ್ಕ ಮಕ್ಕಳಿಗೆ ರಾತ್ರಿ ಇಂಥ ಗೇಮ್ ಬೇಡ ಎಂಬುದಕ್ಕೆ ನಮ್ಮ ಒಪ್ಪಿಗೆ ಇದೆ. ಆದರೆ ಮೊಬೈಲ್ ಕಸಿದುಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: "ನಿನಗೆ ಯಾವುದಕ್ಕೆ ಹೆದರಿಕೆ ಆಯಿತು ಮಗಾ?" ಉತ್ತರ ಗೇಮಿನ ಒಳಗೇ ಇರಬೇಕೆಂದಿಲ್ಲ.

ಯುವಮಿತ್ರರೇ, ಗೇಮಿನಲ್ಲಿ ಸದ್ದು ಮಾಡದವರು ಬದುಕುತ್ತಾರೆ. ನಮ್ಮ ಮನೆಗಳ ಕತ್ತಲಲ್ಲಿ ಮಾತ್ರ ಯಾರಾದರೂ ಮೊದಲು ಮಾತಾಡಬೇಕು. ಮುಂದಿನ ತಿಂಗಳ ಪಟ್ಟಿ ಹಾಲ್‌ನ ಬಾಗಿಲಿಗೆ ಅಂಟಿಸಿದ್ದೇವೆ. ನಾಲ್ಕು ರಾತ್ರಿಗಳ ಮುಂದೆ ಇನ್ನೂ ಹೆಸರು ಬರೆದಿಲ್ಲ.